ಕಣ್ಣಿನ ನಿವ್ವಳ ಲೆಕ್ಕ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತು ಚಾಮುಂಡಿ ಬೆಟ್ಟವನ್ನು ನೋಡಿದವರಿಗೆಲ್ಲ ಅದು ದಿಗಂತದ ಒಂದು ಪಾರ್ಶ್ವವನ್ನೇ ಆಕ್ರಮಿಸಿದ ಮಹಾಗಾತ್ರವಾಗಿ ತೋರುವುದು. ಅದೇ ಸ್ಥಳದಲ್ಲಿ ನಿಂತು ಅದೇ ಬೆಟ್ಟವನ್ನು ಕ್ಯಾಮೆರಾದಲ್ಲಿ ಹಿಡಿದು ಮನೆಗೆ ಬಂದು ನೋಡಿದರೆ, ಚಿತ್ರದ ಬಹುಭಾಗ ನೀರೂ ಆಕಾಶವೂ ಆಗಿ, ಬೆಟ್ಟವು ಅವೆರಡರ ನಡುವೆ ಒಂದು ತಗ್ಗು ದಿಬ್ಬವಾಗಿ ಉಳಿದಿರುವುದು. ಫೋಟೋದಲ್ಲಿ ಸರಿಯಾಗಿ ಬರಲಿಲ್ಲವೆಂದು ನಾವು ಯಂತ್ರವನ್ನು ದೂರುತ್ತೇವೆ. ಫೋಟೋ ಚಿಕ್ಕದು, ಆದ್ದರಿಂದ ಬೆಟ್ಟವೂ ಚಿಕ್ಕದಾಯಿತು ಎಂಬ ಸಮಾಧಾನ ಇಲ್ಲಿ ಸಲ್ಲದು. ಏಕೆಂದರೆ ಅಂಗೈಯಗಲದ ಪುಸ್ತಕವೊಂದನ್ನು ತೆರೆದು ಪೆನ್ಸಿಲಿನಿಂದ ಆ ಬೆಟ್ಟವನ್ನು ಬರೆದವರ ಚಿತ್ರವೂ ಚಿಕ್ಕದೇ, ಆದರೆ ಅದರಲ್ಲಿ ಬೆಟ್ಟದ ಉದ್ದಕ್ಕೆ ಹೋಲಿಸಿದಾಗ ಎತ್ತರವು ಫೋಟೋದಲ್ಲಿರುವುದಕ್ಕಿಂತ ಮಿಗಿಲಾಗಿಯೇ ಬಂದಿರುತ್ತದೆ. ಒಂದೇ ಬೆಟ್ಟಕ್ಕೆ ಎರಡು ಅನುಪಾತಗಳು. ಇವುಗಳಲ್ಲಿ ಯಾವುದು ನಿಜ?

ಲೆಕ್ಕ ಹಾಕುವುದು ಕಷ್ಟವಲ್ಲ. ನಗರದ ನೆಲದಿಂದ ಬೆಟ್ಟದ ನೆತ್ತಿ ಸುಮಾರು 300 ಮೀಟರು ಎತ್ತರದಲ್ಲಿದೆ. ಕೆರೆಯ ಏರಿಯಿಂದ ಅದರ ದೂರ ಐದಾರು ಕಿಲೋಮೀಟರು. ಕೈಯನ್ನು ಪೂರ್ತಿ ನೀಡಿ, ಕಣ್ಣಿನಿಂದ 60 ಸೆಂಟಿಮೀಟರು ದೂರದಲ್ಲಿ ಒಂದು ಅಳತೆಪಟ್ಟಿಯನ್ನು ಹಿಡಿದರೆ, ಅಷ್ಟು ಎತ್ತರದ ಬೆಟ್ಟವು ಆ ಪಟ್ಟಿಯ ಮೇಲೆ ಮೂರು ಮೂರೂವರೆ ಸೆಂಟಿಮೀಟರನ್ನು ಮಾತ್ರ ಆವರಿಸುತ್ತದೆ. ಅಡ್ಡಲಾಗಿ ಜೋಡಿಸಿ ಹಿಡಿದ ಎರಡು ಬೆರಳುಗಳು ನೆತ್ತಿಯಿಂದ ಬುಡದವರೆಗೆ ಅದನ್ನು ಮುಚ್ಚಿಬಿಡಬಲ್ಲವು. ಓದುಗರು ಇದನ್ನು ತಮ್ಮ ಊರಿನ ಯಾವ ಬೆಟ್ಟದ ಮುಂದಾದರೂ ನಿಂತು ಪರೀಕ್ಷಿಸಬಹುದು. ಪ್ರಥಮ ಬಾರಿಗೆ ಪರೀಕ್ಷಿಸಿದವರಿಗೆ ಆಗುವ ವಿಸ್ಮಯ ಸಣ್ಣದಲ್ಲ.

ಬೆಟ್ಟದಲ್ಲಿ ಆದದ್ದೇ ಚಿಕ್ಕ ಚಿತ್ರಗಳ ಪುಟಪುಟದಲ್ಲಿಯೂ ಆಗುವುದು. ಮುಖ ಬರೆಯ ಹೊರಟವರ ಲೇಖನಿಯಲ್ಲಿ ಕಣ್ಣುಗಳು ಹಣೆಗೆ ಏರುತ್ತವೆ. ಮೇಜಿನ ಮೇಲ್ಮೈ ನೋಡುಗರ ಕಡೆಗೆ ಮಗುಚಿಕೊಳ್ಳುತ್ತದೆ. ತಂಬಿಗೆಯ ಬಾಯಿ ಬಾವಿಯಷ್ಟು ತೆರೆದುಕೊಳ್ಳುತ್ತದೆ. ದೂರದ ಮನುಷ್ಯ ಹತ್ತಿರದ ಮನುಷ್ಯನಷ್ಟೇ ಎತ್ತರವಾಗುತ್ತಾನೆ. ಈ ತಪ್ಪುಗಳು ಮನಬಂದಂತೆ ಚದುರಿದವುಗಳಲ್ಲ. ಒಂದೇ ವಸ್ತುವನ್ನು ಹತ್ತು ಮಂದಿ ಹೊಸಬರು ಬರೆದರೆ ಹತ್ತರಲ್ಲಿ ಬಹುಪಾಲು ಒಂದೇ ದಿಕ್ಕಿಗೆ ತಪ್ಪಿರುತ್ತವೆ. ಒಂದೇ ದಿಕ್ಕಿಗೆ ತಪ್ಪುವ ತಕ್ಕಡಿಯಲ್ಲಿ ಒಂದು ನಿಯಮವಿದ್ದೇ ಇರಬೇಕು, ಮತ್ತು ಆ ನಿಯಮವನ್ನು ಅರಿತವನು ತಪ್ಪನ್ನು ತಿದ್ದಿಕೊಳ್ಳಬಲ್ಲನು ಎಂಬುದೇ ಈ ಅಧ್ಯಾಯದ ಪ್ರಮೇಯ.

ಕೈಯ ಮೇಲಿನ ಆರೋಪ

ಚಿತ್ರ ಬರೆಯಲಾರೆನೆನ್ನುವವರು ಸಾಮಾನ್ಯವಾಗಿ ಕೈಯನ್ನು ದೂರುವರು: ನನ್ನ ಕೈ ತಿರುಗದು, ಕೈಯಲ್ಲಿ ಕಲೆಯಿಲ್ಲ ಎನ್ನುವರು. ಆದರೆ ಅದೇ ಕೈ ಸೂಜಿಯ ಕಣ್ಣಿನಲ್ಲಿ ನೂಲು ಪೋಣಿಸುತ್ತದೆ, ಬೆಳಗಿನ ಅಂಗಳದಲ್ಲಿ ಹದಿನೈದು ಚುಕ್ಕೆಯ ರಂಗೋಲಿಯ ಎಳೆಗಳನ್ನು ಒಂದಕ್ಕೊಂದು ತಾಗದಂತೆ ಸುತ್ತಿಸುತ್ತದೆ, ಕನ್ನಡದ ಒತ್ತಕ್ಷರಗಳನ್ನು ಅಕ್ಕಿಯ ಕಾಳಿನಷ್ಟು ಜಾಗದಲ್ಲಿ ದುಂಡಗೆ ಕೂರಿಸುತ್ತದೆ. ಅಂಥ ಕೈಗೆ ಒಂದು ಮುಖದ ಹೊರಗೆರೆಯನ್ನು ಎಳೆಯುವ ಶಕ್ತಿಯಿಲ್ಲವೆಂದು ನಂಬುವುದು ಕಷ್ಟ. ಬೆಳಕಿರುವ ಕಿಟಕಿಯ ಗಾಜಿಗೆ ಒಂದು ಫೋಟೋವನ್ನು ಅಂಟಿಸಿ, ಅದರ ಮೇಲೆ ತೆಳುಗಾಗದವನ್ನಿಟ್ಟು ಗೆರೆ ಎಳೆಯಲು ಹೇಳಿದರೆ, ಬರೆಯಲಾರೆನೆಂದವರೂ ಬಹುಮಟ್ಟಿಗೆ ಸರಿಯಾಗಿಯೇ ಎಳೆಯುವರು.

1997ರಲ್ಲಿ ಡೇಲ್ ಕೋಹೆನ್ ಮತ್ತು ಸೂಸನ್ ಬೆನೆಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದೇ ಪ್ರಶ್ನೆಯನ್ನು ಕ್ರಮವಾಗಿ ವಿಚಾರಣೆಗೆ ಎತ್ತಿಕೊಂಡರು. ಚಿತ್ರದ ತಪ್ಪಿಗೆ ಕೈಯ ಅಸಾಮರ್ಥ್ಯವು ಕಾರಣವಾಗಿರಬಹುದು, ಏನನ್ನು ಬರೆಯಬೇಕು ಏನನ್ನು ಬಿಡಬೇಕೆಂಬ ನಿರ್ಣಯದ ದೋಷವು ಕಾರಣವಾಗಿರಬಹುದು, ಬರೆದುದನ್ನು ತಪ್ಪಾಗಿ ಕಾಣುವುದು ಕಾರಣವಾಗಿರಬಹುದು, ಅಥವಾ ಎದುರಿನ ವಸ್ತುವನ್ನೇ ತಪ್ಪಾಗಿ ಕಾಣುವುದು ಕಾರಣವಾಗಿರಬಹುದು. ಇವನ್ನು ಒಂದೊಂದಾಗಿ ಬೇರ್ಪಡಿಸಿ ನೋಡಿ ಅವರು ತಲುಪಿದ ನಿರ್ಣಯವೆಂದರೆ, ಕೈಯ ಪಾಲು ಅತ್ಯಲ್ಪ, ಕಾಣುವಿಕೆಯ ಪಾಲೇ ಪ್ರಧಾನ ಎಂಬುದು. ಕೈಗೆ ಒಪ್ಪಿಸಿದ ವರದಿಯೇ ತಿದ್ದಿದ ವರದಿ. ಕೈ ಅದನ್ನು ನಿಷ್ಠೆಯಿಂದ ಕಾಗದಕ್ಕಿಳಿಸುತ್ತದೆ.

ನಿವ್ವಳ ತೂಕ

ಕಣ್ಣಿನ ಹಿಂಭಾಗದಲ್ಲಿ ಬೆಳಕಿಗೆ ಸ್ಪಂದಿಸುವ ಒಂದು ತೆಳುಪದರವಿದೆ. ಅದನ್ನು ಅಕ್ಷಿಪಟಲ ಎನ್ನುತ್ತೇವೆ. ಹೊರಗಿನ ವಸ್ತುವಿನ ಬಿಂಬ ಅಲ್ಲಿ ಮೂಡುವುದು. ವಸ್ತು ಇಮ್ಮಡಿ ದೂರಕ್ಕೆ ಸರಿದರೆ ಬಿಂಬದ ಎತ್ತರ ಅರ್ಧಕ್ಕಿಳಿಯುವುದು, ಇದರಲ್ಲಿ ವಿನಾಯಿತಿಯಿಲ್ಲ. ಈಗ ಓದುಗರು ಒಂದು ಕೈಯನ್ನು ಮುಖದಿಂದ ಒಂದು ಗೇಣು ದೂರದಲ್ಲಿಯೂ ಇನ್ನೊಂದು ಕೈಯನ್ನು ಪೂರ್ತಿ ನೀಡಿಯೂ ಅಂಗೈಗಳು ತಮ್ಮ ಕಡೆಗೆ ತಿರುಗಿರುವಂತೆ ಹಿಡಿದು ನೋಡಲಿ. ಎರಡು ಕೈಗಳೂ ಸರಿಸುಮಾರು ಒಂದೇ ಅಳತೆಯವಾಗಿ ಕಾಣುವುವು. ಆ ಮೇಲೆ ಒಂದು ಕಣ್ಣನ್ನು ಮುಚ್ಚಿ, ಹತ್ತಿರದ ಕೈಯನ್ನು ದೂರದ ಕೈಯ ಮುಂದಕ್ಕೆ ನಿಧಾನವಾಗಿ ತರಲಿ. ದೂರದ ಕೈ ಹತ್ತಿರದ ಕೈಯ ಹಿಂದೆ ಸಂಪೂರ್ಣವಾಗಿ ಮರೆಯಾಗಿ, ಸುತ್ತ ಇನ್ನೂ ಜಾಗ ಉಳಿಯುವುದನ್ನು ಕಂಡಾಗ, ಎರಡು ಬಿಂಬಗಳ ನಡುವೆ ಎಂಥ ಅಂತರವಿತ್ತೆಂಬುದು ಮನಸ್ಸಿಗೆ ಬರುವುದು. ಆ ಅಂತರವು ಮೊದಲಿಂದಲೂ ಕಣ್ಣೊಳಗಿತ್ತು; ನಮಗೆ ಅದು ತಿಳಿಯದಂತೆ ಯಾರೋ ಸರಿಪಡಿಸಿದ್ದರು.

ಸರಿಪಡಿಸಿದ್ದು ಮಿದುಳು. ಅಂಗಡಿಯ ಶೆಟ್ಟರು ತುಪ್ಪವನ್ನು ಪಾತ್ರೆಯೊಡನೆ ತೂಗುತ್ತಾರೆ. ಆದರೆ ಗಿರಾಕಿಗೆ ಹೇಳುವುದು ಪಾತ್ರೆಯ ತೂಕವನ್ನು ಕಳೆದು ಉಳಿದ ನಿವ್ವಳ ತೂಕವನ್ನು. ಹಾಗೆ ಹೇಳುವುದೇ ನ್ಯಾಯ, ಏಕೆಂದರೆ ಗಿರಾಕಿಗೆ ಬೇಕಾದುದು ತುಪ್ಪ. ಮಿದುಳಿನ ವ್ಯವಹಾರವೂ ಇಂಥದೇ. ಬಿಂಬದ ಅಳತೆಯಲ್ಲಿ ವಸ್ತುವಿನ ಗಾತ್ರವೂ ಅದರ ದೂರವೂ ಕಲೆತಿರುತ್ತವೆ. ಮಿದುಳು ದೂರದ ಪಾಲನ್ನು ತಾನೇ ಕಳೆದು, ವಸ್ತುವಿನ ನಿವ್ವಳ ಗಾತ್ರವನ್ನು ಮಾತ್ರ ನಮ್ಮ ಅರಿವಿಗೆ ಒಪ್ಪಿಸುತ್ತದೆ. ಹುಲಿ ದೂರದಲ್ಲಿದೆಯೆಂದು ಬೆಕ್ಕಿನಷ್ಟಾಗಿ ಕಂಡಿದ್ದರೆ ನಮ್ಮ ಪೂರ್ವಜರು ಬಹುಕಾಲ ಬದುಕುತ್ತಿರಲಿಲ್ಲ. ಮಿದುಳಿನ ಈ ತಿದ್ದುವಿಕೆಯನ್ನು ನಾವು ಗಾತ್ರಸ್ಥೈರ್ಯ ಎಂದು ಕರೆಯೋಣ. ಹನ್ನೊಂದನೆಯ ಶತಮಾನದ ಆದಿಯಲ್ಲಿ, ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಇಬ್ನ್ ಅಲ್-ಹೈಥಂ ಎಂಬ ವಿದ್ವಾಂಸನು ದೃಷ್ಟಿಯನ್ನು ಕುರಿತ ತನ್ನ ಮಹಾಗ್ರಂಥದಲ್ಲಿ, ಗಾತ್ರದ ಅರಿವು ನೋಟದ ಕೋನವೊಂದರಿಂದಲೇ ಹುಟ್ಟದು, ದೂರದ ಅರಿವೂ ಅದರೊಡನೆ ಕೂಡಬೇಕೆಂದು ವಿವರಿಸಿದ್ದನು. ಸಾವಿರ ವರ್ಷದ ಹಿಂದೆ, ಪ್ರಯೋಗಶಾಲೆಗಳ ನೆರವಿಲ್ಲದೆ ಇಷ್ಟು ದೂರ ಕಂಡವನ ಬುದ್ಧಿ ಗೌರವಾರ್ಹವಾದುದು.

ಆದರೆ ಚಿತ್ರ ಬರೆಯುವವನಿಗೆ ಬೇಕಾದುದು ನಿವ್ವಳ ತೂಕವಲ್ಲ; ಪಾತ್ರೆಯೊಡನೆ ತೂಗಿದ ಒಟ್ಟು ತೂಕ. ಕಾಗದವು ಸಪಾಟಾಗಿದೆ, ಅದರ ಮೇಲೆ ದೂರವೆಂಬುದಿಲ್ಲ. ಬಿಂಬದಲ್ಲಿದ್ದ ಅನುಪಾತಗಳನ್ನೇ ಅಲ್ಲಿ ಇಟ್ಟರೆ, ನೋಡುವವರ ಮಿದುಳು ಮತ್ತೆ ತನ್ನ ಕಳೆಯುವ ಕೆಲಸವನ್ನು ಮಾಡಿ, ದೂರವನ್ನೂ ಗಾತ್ರವನ್ನೂ ಬೇರ್ಪಡಿಸಿಕೊಳ್ಳುವುದು. ನಾವೇ ಮೊದಲು ಕಳೆದು ಬರೆದರೆ ಅದು ಎರಡು ಬಾರಿ ಕಳೆದಂತಾಗಿ ಚಿತ್ರವು ಕೆಡುವುದು. ಪ್ರಮಾಣದ ತಪ್ಪೆಂದು ನಾವು ಕರೆಯುವುದರ ಬಹುಪಾಲು ಇಷ್ಟೇ.

ಇದಕ್ಕೆ ಒಂದು ಸುಂದರವಾದ ಪರೀಕ್ಷೆಯನ್ನು ಕಲೆಯ ಇತಿಹಾಸಕಾರ ಗೊಂಬ್ರಿಕ್ 1960ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಸೂಚಿಸಿದನು. ಸ್ನಾನದ ಮನೆಯ ಕನ್ನಡಿಗೆ ಆವಿ ಕವಿದಿರುವಾಗ, ಅದರಲ್ಲಿ ಕಾಣುವ ನಿಮ್ಮ ತಲೆಯ ಹೊರಗೆರೆಯನ್ನು ಬೆರಳಿನಿಂದ ಕನ್ನಡಿಯ ಮೇಲೆಯೇ ಎಳೆಯಿರಿ. ಎಳೆದ ಗೆರೆ ನಿಮ್ಮ ತಲೆಯ ಅರ್ಧ ಅಳತೆಯದಾಗಿರುತ್ತದೆ. ನೀವು ಹತ್ತಿರ ನಿಂತರೂ ಅರ್ಧ, ದೂರ ನಿಂತರೂ ಅರ್ಧ. ದಿನವೂ ಕನ್ನಡಿ ನೋಡುವವರಲ್ಲಿ ಇದನ್ನು ಗಮನಿಸಿದವರು ವಿರಳ.

ಗಾತ್ರದಂತೆ ಆಕಾರವನ್ನೂ ಮಿದುಳು ತಿದ್ದುತ್ತದೆ. ರಾಬರ್ಟ್ ಥೌಲೆಸ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞನು 1931ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ದುಂಡುಬಿಲ್ಲೆಯೊಂದನ್ನು ಓರೆಯಾಗಿ ತೋರಿಸಿ, ಅದು ಎಷ್ಟು ಚಪ್ಪಟೆಯಾಗಿ ಕಾಣುತ್ತದೆಂದು ನೋಡುಗರನ್ನು ಕೇಳಿದನು. ಅವರು ಸೂಚಿಸಿದ ಆಕಾರವು ಅಕ್ಷಿಪಟಲದಲ್ಲಿ ಬಿದ್ದ ಚಪ್ಪಟೆ ಆಕಾರವೂ ಆಗಿರಲಿಲ್ಲ, ಬಿಲ್ಲೆಯ ನಿಜವಾದ ದುಂಡಾಕಾರವೂ ಆಗಿರಲಿಲ್ಲ; ಎರಡರ ನಡುವೆ ಎಲ್ಲಿಯೋ ನಿಂತಿತ್ತು. ಕಂಡದ್ದು ತಿಳಿದದ್ದರ ಕಡೆಗೆ ವಾಲಿತ್ತು. ಈ ವಾಲುವಿಕೆಯೇ ನಮ್ಮ ಚಿತ್ರಗಳ ತಪ್ಪಿಗೆ ದಿಕ್ಕನ್ನು ಕೊಡುವ ಶಕ್ತಿ. ನುರಿತ ಚಿತ್ರಕಾರರಲ್ಲಿ ಈ ವಾಲುವಿಕೆಯೇ ಕಡಿಮೆಯೋ, ಅಥವಾ ವಾಲಿದ್ದನ್ನು ತಿದ್ದಿಕೊಳ್ಳುವ ಉಪಾಯ ಅವರಿಗೆ ಕರಗತವೋ ಎಂಬ ವಿಷಯದಲ್ಲಿ ಸಂಶೋಧಕರಲ್ಲಿ ಭಿನ್ನಾಭಿಪ್ರಾಯವಿದೆ. ಕಲಿಯುವವರಿಗೆ ಉಪಾಯವೇ ಸಾಕು.

ತಲೆಯ ನಡುವೆ ಕಣ್ಣು

ವಯಸ್ಕನ ತಲೆಯನ್ನು ನೇರವಾಗಿ ಎದುರಿನಿಂದ ನೋಡಿದರೆ, ನೆತ್ತಿಯಿಂದ ಗಲ್ಲದವರೆಗಿನ ಎತ್ತರದ ಸರಿಸುಮಾರು ನಟ್ಟನಡುವೆ ಕಣ್ಣುಗಳಿರುತ್ತವೆ. ಇದನ್ನು ಹೇಳಿದಾಗ ನಂಬದವರು ಬಹಳ. ಅವರ ಚಿತ್ರಗಳಲ್ಲಿ ಕಣ್ಣುಗಳು ಮೇಲಿನ ಮೂರನೆಯ ಒಂದು ಪಾಲಿನಲ್ಲಿ ಕುಳಿತು, ನೆತ್ತಿಯನ್ನು ಯಾರೋ ಕತ್ತರಿಸಿ ತೆಗೆದಂತಿರುವುದು. ಇಲ್ಲಿ ದೂರದ ಪ್ರಶ್ನೆಯಿಲ್ಲ, ಓರೆಯ ಪ್ರಶ್ನೆಯಿಲ್ಲ. ಆದರೂ ವರದಿ ತಿದ್ದುಪಡಿಯಾಗಿದೆ. ಮನುಷ್ಯನ ಮುಖದಲ್ಲಿ ನಮಗೆ ಬೇಕಾದ ಸಮಾಚಾರವೆಲ್ಲ ಹುಬ್ಬಿನಿಂದ ಬಾಯಿಯವರೆಗಿನ ಜಾಗದಲ್ಲಿದೆ. ಕೋಪ, ಪ್ರೀತಿ, ಸಂಶಯ ಯಾವುದೂ ನೆತ್ತಿಯಲ್ಲಿ ಪ್ರಕಟವಾಗದು. ನಮ್ಮ ದೃಷ್ಟಿಯ ಹೆಚ್ಚಿನ ಸಂಚಾರವು ಕಣ್ಣು ಬಾಯಿಗಳ ನಡುವೆಯೇ ನಡೆಯುವುದೆಂಬುದನ್ನು ಕಣ್ಣಿನ ಚಲನೆಯನ್ನು ದಾಖಲಿಸಿದ ರಷ್ಯದ ಯಾರ್ಬಸ್ ಮೊದಲಾದವರು ಸ್ಪಷ್ಟವಾಗಿ ತೋರಿಸಿದ್ದಾರೆ. ಹೆಚ್ಚು ಗಮನ ಪಡೆದ ಭಾಗವು ಕಾಗದದ ಮೇಲೆ ಹೆಚ್ಚು ಜಾಗವನ್ನೂ ಬೇಡುತ್ತದೆ. ಗಮನ ಪಡೆಯದ ನೆತ್ತಿ ಕುಗ್ಗುತ್ತದೆ.

ನಮ್ಮ ಶಿಲ್ಪಶಾಸ್ತ್ರಕಾರರು ಈ ಅಪಾಯವನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. ಚಿತ್ರದ ಆರು ಅಂಗಗಳನ್ನು ಹೇಳುವಾಗ ಕಾಮಸೂತ್ರದ ವ್ಯಾಖ್ಯಾನಕಾರ ಯಶೋಧರನು ರೂಪಭೇದದ ಬೆನ್ನಿಗೇ ಪ್ರಮಾಣವನ್ನು ಹೇಳಿದನು. ತಾಲಮಾನ ಪದ್ಧತಿಯಲ್ಲಿ ಮುಖದ ಉದ್ದವೇ ಒಂದು ತಾಲ. ಅದಕ್ಕೆ ಹನ್ನೆರಡು ಅಂಗುಲ. ಅದನ್ನು ಹಣೆಗೆ ನಾಲ್ಕು, ಮೂಗಿಗೆ ನಾಲ್ಕು, ಮೂಗಿನ ತುದಿಯಿಂದ ಗಲ್ಲಕ್ಕೆ ನಾಲ್ಕು ಎಂದು ಸಮವಾಗಿ ಹಂಚುವರು. ನವತಾಲದ ಪ್ರತಿಮೆಗೆ ಮುಖ 12, ಕುತ್ತಿಗೆ 4, ಅಲ್ಲಿಂದ ಹೃದಯಕ್ಕೆ 12, ಹೃದಯದಿಂದ ನಾಭಿಗೆ 12, ಅದರಿಂದ ಕೆಳಗೆ 12, ತೊಡೆ 24, ಮಂಡಿ 4, ಕಣಕಾಲು 24, ಪಾದ 4. ಒಟ್ಟು 108 ಅಂಗುಲ. ಈ ಅಂಗುಲವು ಬಜಾರಿನ ಅಂಗುಲವಲ್ಲ. ಅಳತೆಯ ಘಟಕವು ಪ್ರತಿಮೆಯ ಒಳಗಿನಿಂದಲೇ ಹುಟ್ಟುವುದರಿಂದ, ಬೆರಳುದ್ದದ ದಂತದ ಬೊಂಬೆಗೂ ಗರ್ಭಗುಡಿಯ ಮೂಲಮೂರ್ತಿಗೂ ಲೆಕ್ಕವು ಒಂದೇ. ಅಬನೀಂದ್ರನಾಥ ಠಾಕೂರರು ಭಾರತೀಯ ಚಿತ್ರಕಲೆಯ ಅಂಗವಿನ್ಯಾಸವನ್ನು ಕುರಿತು 1914ರಲ್ಲಿ ಪ್ರಕಟಿಸಿದ ಚಿಕ್ಕ ಪುಸ್ತಕಕ್ಕೆ ರೇಖಾಚಿತ್ರಗಳನ್ನು ಬರೆದುಕೊಟ್ಟ ಶಿಷ್ಯರಲ್ಲಿ ನಂದಲಾಲ ಬೋಸರ ಜೊತೆಗೆ ನಮ್ಮ ಮೈಸೂರು ಸೀಮೆಯ ಕೆ. ವೆಂಕಟಪ್ಪನವರೂ ಇದ್ದರೆಂಬುದನ್ನು ಕನ್ನಡಿಗರು ನೆನೆಯಬೇಕು.

ತಾಲಮಾನವು ಆದರ್ಶರೂಪಗಳಿಗೆ ಹೇಳಿದ ಲೆಕ್ಕ. ಎದುರು ಕುಳಿತ ಅಜ್ಜನ ಮೂಗು ನಾಲ್ಕಕ್ಕೆ ಬದಲು ಐದು ಅಂಗುಲವಿದ್ದೀತು. ಆದರೂ ಅದರ ತತ್ತ್ವವನ್ನು ನಾವು ಬರೆಯುವ ಚಿಕ್ಕ ಪುಸ್ತಕದ ಪ್ರತಿಯೊಂದು ಚಿತ್ರಕ್ಕೂ ಅನ್ವಯಿಸಬಹುದು: ಚಿತ್ರದೊಳಗಿನ ಒಂದು ಭಾಗವನ್ನು ಮಾನದಂಡವಾಗಿ ಹಿಡಿದು ಉಳಿದೆಲ್ಲವನ್ನೂ ಅದರ ಗುಣಿತದಲ್ಲಿ ಓದಬೇಕು.

ಕಣ್ಣು ತಪ್ಪುವ ಬಗೆ, ಕೈ ತಪ್ಪುವ ಬಗೆ

ಇಲ್ಲಿ ಒಂದು ಪ್ರಶ್ನೆ ಏಳುವುದು. ಪ್ರಮಾಣವನ್ನು ಕಲಿಯಲು ದೊಡ್ಡ ಹಾಳೆ ಒಳ್ಳೆಯದೋ, ಕಿಸೆಯಲ್ಲಿ ಹಿಡಿಸುವ ಚಿಕ್ಕ ಪುಸ್ತಕ ಒಳ್ಳೆಯದೋ? ದೊಡ್ಡದರಲ್ಲಿ ಬರೆದರೆ ಮಾತ್ರ ಕೈ ಬಿಡುವಾಗುವುದೆಂದು ಹೇಳುವ ಗುರುಗಳಿದ್ದಾರೆ. ಅವರ ಮಾತು ರೇಖೆಯ ಓಟದ ವಿಷಯದಲ್ಲಿ ನಿಜ. ಪ್ರಮಾಣದ ವಿಷಯ ಬೇರೆ.

ಲೈಪ್ಜಿಗ್‌ನ ವೈದ್ಯವಿಜ್ಞಾನಿ ಅರ್ನ್ಸ್ಟ್ ವೇಬರ್ 1834ರಲ್ಲಿ ಪ್ರಕಟಿಸಿದ ಸಂಶೋಧನೆಗಳಿಂದ ತಿಳಿದುಬಂದ ಒಂದು ನಿಯಮವಿದೆ. ನಮ್ಮ ಇಂದ್ರಿಯಗಳು ವ್ಯತ್ಯಾಸವನ್ನು ಗುರುತಿಸುವುದು ಇಂತಿಷ್ಟು ಮಿಲಿಮೀಟರೆಂದಾಗಲಿ ಇಂತಿಷ್ಟು ತೊಲವೆಂದಾಗಲಿ ಅಲ್ಲ. ಮೂಲದ ಎಷ್ಟನೆಯ ಪಾಲೆಂಬ ಅನುಪಾತದಿಂದ. ಅಕ್ಕಪಕ್ಕದಲ್ಲಿರುವ ಎರಡು ಗೆರೆಗಳಲ್ಲಿ ಯಾವುದು ಉದ್ದವೆಂದು ಕಣ್ಣು ಹೇಳಬೇಕಾದರೆ ಅವುಗಳ ನಡುವೆ ಸುಮಾರು ನೂರರಲ್ಲಿ ಎರಡು ಪಾಲಿನಷ್ಟು ಅಂತರವಿರಬೇಕೆನ್ನೋಣ. ಒಂದು ಮೀಟರಿನ ಗೆರೆಯಲ್ಲಿ ಆ ಅಂತರವು ಎರಡು ಸೆಂಟಿಮೀಟರಾದರೆ ಹತ್ತು ಸೆಂಟಿಮೀಟರಿನ ಗೆರೆಯಲ್ಲಿ ಎರಡೇ ಮಿಲಿಮೀಟರು. ಅಂದರೆ ಚಿತ್ರವನ್ನು ಚಿಕ್ಕದು ಮಾಡಿದ ಮಾತ್ರಕ್ಕೆ ಕಣ್ಣಿನ ತೀಕ್ಷ್ಣತೆ ಏನೂ ನಷ್ಟವಾಗದು.

ಕೈಯ ಸ್ವಭಾವ ಇದಕ್ಕೆ ವಿರುದ್ಧ. ಪೆನ್ಸಿಲಿನ ಮೊನೆಗೆ ಒಂದು ದಪ್ಪವಿದೆ, ಬೆರಳಿಗೆ ಒಂದು ನಡುಕವಿದೆ. ಇವು ಉಂಟುಮಾಡುವ ತಪ್ಪು ಅರ್ಧ ಮಿಲಿಮೀಟರೆಂದಿಟ್ಟುಕೊಂಡರೆ, ಚಿತ್ರ ಚಿಕ್ಕದಾಯಿತೆಂದು ಆ ಅರ್ಧ ಮಿಲಿಮೀಟರು ಕುಗ್ಗುವುದಿಲ್ಲ. ಕಣ್ಣು ಅನುಪಾತದಲ್ಲಿ ತಪ್ಪುತ್ತದೆ, ಕೈ ಮಿಲಿಮೀಟರಿನಲ್ಲಿ ತಪ್ಪುತ್ತದೆ. ಈ ಒಂದು ಮಾತನ್ನು ಬಿಡಿಸಿ ನೋಡಿದರೆ ಚಿಕ್ಕ ಪುಸ್ತಕದಲ್ಲಿ ಏನು ಬರೆಯಬೇಕು ಏನು ಬರೆಯಬಾರದು ಎಂಬುದೆಲ್ಲ ತಾನಾಗಿ ಹೊರಬರುವುದು.

ಮುಖದಲ್ಲಿ ತಲೆಯ ಅಗಲದ ಸುಮಾರು ಐದನೆಯ ಒಂದು ಪಾಲು ಒಂದು ಕಣ್ಣಿನ ಅಗಲ. ಎರಡೂವರೆ ಸೆಂಟಿಮೀಟರು ಎತ್ತರದ, ಹದಿನೆಂಟು ಮಿಲಿಮೀಟರು ಅಗಲದ ತಲೆಯೊಂದನ್ನು ಬರೆದರೆ ಅದರಲ್ಲಿ ಕಣ್ಣಿಗೆ ಸಿಕ್ಕುವುದು ಮೂರೂವರೆ ಮಿಲಿಮೀಟರಿನಷ್ಟು ಜಾಗ. ಅರ್ಧ ಮಿಲಿಮೀಟರಿನ ಕೈತಪ್ಪು ಅಲ್ಲಿ ಏಳನೆಯ ಒಂದು ಪಾಲಿನ ತಪ್ಪಾಗುವುದು, ಮತ್ತು ಅಷ್ಟು ತಪ್ಪಿದರೆ ಅಣ್ಣನ ಮುಖ ತಮ್ಮನದಾಗುವುದು. ಅದೇ ತಲೆಯನ್ನು ಹತ್ತು ಸೆಂಟಿಮೀಟರು ಎತ್ತರಕ್ಕೆ ಬರೆದರೆ ಕಣ್ಣಿನ ಅಗಲ ಹದಿನಾಲ್ಕು ಮಿಲಿಮೀಟರಾಗಿ, ಅರ್ಧ ಮಿಲಿಮೀಟರಿನ ತಪ್ಪು ಇಪ್ಪತ್ತೆಂಟರಲ್ಲಿ ಒಂದು ಪಾಲಿಗಿಳಿಯುವುದು. ಆದ್ದರಿಂದ ಚಿಕ್ಕ ಪುಸ್ತಕದ ಅಭ್ಯಾಸಿಯು ಮುಖಲಕ್ಷಣಗಳ ಹಂಬಲವನ್ನು ಬಿಟ್ಟು, ನಿಂತ ಮನುಷ್ಯನ ಇಡೀ ಆಕೃತಿಯನ್ನು, ಕುಳಿತವನ ತಲೆ-ಮಂಡಿ-ಪಾದಗಳ ಅಂತರವನ್ನು, ಮರದ ಬೊಡ್ಡೆಗೂ ಕೊಂಬೆಗೂ ಇರುವ ಸಂಬಂಧವನ್ನು, ಬೀದಿಯ ಮನೆಗಳ ಸಾಲನ್ನು ಬರೆಯತಕ್ಕದ್ದು. ಇಂಥ ದೊಡ್ಡ ಅನುಪಾತಗಳಲ್ಲಿ ಅರ್ಧ ಮಿಲಿಮೀಟರು ಗಣನೆಗೆ ಬಾರದು. ಮೂರು ಸೆಂಟಿಮೀಟರಿನ ಬೊಂಬೆಗಳನ್ನು ಬರೆದು, ನನಗೆ ಪ್ರಮಾಣಜ್ಞಾನವಿಲ್ಲವೆಂದು ಕೊರಗುವ ಎಳೆಯರನ್ನು ಕಂಡಾಗಲೆಲ್ಲ ಈ ಲೆಕ್ಕವನ್ನು ಅವರಿಗೆ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತೆಂದು ಅನಿಸುವುದು.

ಹಾಗಾದರೆ ದೊಡ್ಡದೇ ಮೇಲಲ್ಲವೆ? ಮೇಲಲ್ಲ, ಅತ್ತ ಇನ್ನೊಂದು ಮಿತಿ ಕಾದಿದೆ. ಕಣ್ಣಿನ ಅತ್ಯಂತ ತೀಕ್ಷ್ಣವಾದ ನೋಟವು ಬಹಳ ಕಿರಿದಾದ ಜಾಗಕ್ಕೆ ಸೀಮಿತ. ಕೈ ನೀಡಿ ಹಿಡಿದ ಹೆಬ್ಬೆರಳಿನ ಅಗಲದಷ್ಟು ಮಾತ್ರ. ಅದರಾಚೆಗೆಲ್ಲ ಮಸುಕು. ಈ ಕಿರಿದಾದ ನೋಟವನ್ನು ಕಣ್ಣು ಸೆಕೆಂಡಿಗೆ ಸುಮಾರು ಮೂರು ಬಾರಿ ಸ್ಥಳಾಂತರಿಸುತ್ತ ದೃಶ್ಯವನ್ನು ಜೋಡಿಸಿಕೊಳ್ಳುತ್ತದೆ. ಮೂವತ್ತೈದು ಸೆಂಟಿಮೀಟರು ದೂರದಲ್ಲಿ ಹಿಡಿದ ಪುಸ್ತಕದಲ್ಲಿ ಹನ್ನೆರಡು ಸೆಂಟಿಮೀಟರಿನ ಚಿತ್ರವಿದ್ದರೆ, ತಲೆಯನ್ನು ಅಲುಗಿಸದೆ ಒಂದೆರಡು ನೋಟಗಳಲ್ಲಿ ಅದರ ಆದ್ಯಂತವನ್ನು ಕಣ್ಣು ಕ್ರಮಿಸಬಲ್ಲದು. ನೆತ್ತಿಯನ್ನು ಕಂಡ ನೆನಪು ಆರುವ ಮೊದಲೇ ಪಾದ ಕಾಣುವುದು. ಅರ್ಧ ಮೀಟರಿನ ಚಿತ್ರವನ್ನು ಅಷ್ಟೇ ಹತ್ತಿರದಿಂದ ಬರೆಯುವವನು ಪಾದವನ್ನು ಬರೆಯುವ ಹೊತ್ತಿಗೆ ನೆತ್ತಿಯನ್ನು ಮರೆತಿರುತ್ತಾನೆ. ದೊಡ್ಡ ಚಿತ್ರಕಾರರು ನಡುನಡುವೆ ಹಿಂದಕ್ಕೆ ಸರಿದು ನಿಂತು ನೋಡುವುದು ಇದಕ್ಕಾಗಿಯೇ. ಹತ್ತರಿಂದ ಹದಿನೈದು ಸೆಂಟಿಮೀಟರಿನ ಆಕೃತಿ ಈ ಎರಡು ಮಿತಿಗಳ ನಡುವಿನ ಹದ.

ಕೈ ನೀಡಿ ಹಿಡಿದ ಪೆನ್ಸಿಲ್

ಚಿತ್ರಕಾರರು ಒಂದು ಕಣ್ಣನ್ನು ಮುಚ್ಚಿ, ಪೆನ್ಸಿಲನ್ನು ಮುಂದೆ ಚಾಚಿ ನೋಡುವ ಭಂಗಿ ವ್ಯಂಗ್ಯಚಿತ್ರಗಳಿಂದಲೂ ಸಿನಿಮಾಗಳಿಂದಲೂ ಎಲ್ಲರಿಗೂ ಪರಿಚಿತ. ಅದು ಬರಿಯ ಭಂಗಿಯಲ್ಲ. ಮಿದುಳು ಕಳೆದ ಪಾತ್ರೆಯ ತೂಕವನ್ನು ಮತ್ತೆ ಕೂಡಿಸಿಕೊಳ್ಳುವ ಉಪಾಯ. ಪೆನ್ಸಿಲು ಒಂದೇ ದೂರದಲ್ಲಿರುವುದರಿಂದ, ಅದರ ಮೇಲೆ ಓದಿದ ಅಳತೆಗಳೆಲ್ಲ ಒಂದೇ ಸಪಾಟು ತಳಕ್ಕೆ ಸೇರಿದವು. 1435ರಲ್ಲಿ ಇಟಲಿಯ ಆಲ್ಬರ್ಟಿ ಚಿತ್ರಕಾರನಿಗೂ ವಸ್ತುವಿಗೂ ನಡುವೆ ಚೌಕಚೌಕವಾಗಿ ದಾರ ಹೆಣೆದ ತೆಳುಪರದೆಯನ್ನು ತೂಗಲು ಬೋಧಿಸಿದ್ದೂ, 1525ರಲ್ಲಿ ಜರ್ಮನಿಯ ಡ್ಯೂರರ್ ತನ್ನ ಮಾಪನಗ್ರಂಥದಲ್ಲಿ ಅಂಥ ಯಂತ್ರಗಳನ್ನು ಮರದಚ್ಚಿನಲ್ಲಿ ಕೆತ್ತಿ ತೋರಿಸಿದ್ದೂ ಇದೇ ಉದ್ದೇಶಕ್ಕೆ. ಪೆನ್ಸಿಲು ಆ ಯಂತ್ರಗಳ ಕಿಸೆಗೆ ಹಿಡಿಯುವ ರೂಪ.

ಮೊಣಕೈ ಬಾಗದಿರಬೇಕೆಂಬ ವಿಧಿಗೆ ಸ್ಪಷ್ಟವಾದ ಕಾರಣವಿದೆ. 60 ಸೆಂಟಿಮೀಟರು ದೂರದಲ್ಲಿದ್ದ ಪೆನ್ಸಿಲು ಮೊಣಕೈ ಸ್ವಲ್ಪ ಸಡಿಲವಾಗಿ 50ಕ್ಕೆ ಬಂದರೆ ಅದರ ಮೇಲಿನ ಅಳತೆ ಆರರಲ್ಲಿ ಒಂದು ಪಾಲು ಕುಗ್ಗುವುದು. ಎತ್ತರವನ್ನು ಚಾಚಿದ ಕೈಯಿಂದಲೂ ಅಗಲವನ್ನು ಬಾಗಿದ ಕೈಯಿಂದಲೂ ಅಳೆದವನ ಚಿತ್ರವು ಹೇಗೆ ಸರಿಬಂದೀತು? ಒಂದು ಕಣ್ಣನ್ನು ಮುಚ್ಚುವುದೇಕೆಂದರೆ, ದೂರದ ವಸ್ತುವಿನಲ್ಲಿ ನೋಟ ನೆಟ್ಟಾಗ ಎರಡು ಕಣ್ಣುಗಳಿಗೆ ಹತ್ತಿರದ ಪೆನ್ಸಿಲು ಎರಡಾಗಿ ಕಾಣುವುದರಿಂದ.

ಒಂದು ತಂಬಿಗೆಯನ್ನು ಹೀಗೆ ಅಳೆದು ನೋಡೋಣ. ಅದು ಮೇಜಿನ ಮೇಲಿದೆ. ನಿಮ್ಮ ಕಣ್ಣು ಅದರ ಬಾಯಿಯ ಮಟ್ಟಕ್ಕಿಂತ 30 ಸೆಂಟಿಮೀಟರು ಮೇಲೆ, ಅದರಿಂದ 80 ಸೆಂಟಿಮೀಟರು ಈಚೆಗಿದೆ. ಬಾಯಿ ಪೂರ್ಣವೃತ್ತವೆಂಬುದು ನಿಮಗೆ ಗೊತ್ತು. ನೀರು ತುಂಬಿದ್ದೀರಿ, ಬೂದಿ ಹಚ್ಚಿ ತಿಕ್ಕಿದ್ದೀರಿ, ಬೆರಳಾಡಿಸಿದ್ದೀರಿ. ಪೆನ್ಸಿಲನ್ನು ಅಡ್ಡಲಾಗಿ ಚಾಚಿ ಬಾಯಿಯ ಎಡ ಅಂಚಿನಿಂದ ಬಲ ಅಂಚಿನವರೆಗೆ ಹೆಬ್ಬೆರಳಿನ ಉಗುರಿನಿಂದ ಗುರುತಿಸಿಕೊಳ್ಳಿ. ಈಗ ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ, ಬಾಯಿಯ ಹಿಂಬದಿಯ ಅಂಚಿನಿಂದ ಮುಂಬದಿಯ ಅಂಚಿನವರೆಗೆ ಎಷ್ಟಾಯಿತು ನೋಡಿ. ಅಗಲದ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಅಳೆಯದೆ ಬರೆದವರ ಬಾಯಿ ಇದಕ್ಕಿಂತ ದುಂಡಗಾಗಿಯೇ ಬಂದಿರುವುದು. ಥೌಲೆಸ್ ಕಂಡ ವಾಲುವಿಕೆ ನಿಮ್ಮ ಪುಟದ ಮೇಲೆ ಗೆರೆಯಾಗಿ ನಿಂತಿದೆ. ಇನ್ನೂ ಒಂದು ಹೆಜ್ಜೆ ಮುಂದುವರಿದು, ಅದೇ ಬಾಯಿಯ ಅಗಲವನ್ನು ಮಾನದಂಡವಾಗಿಟ್ಟು, ಕಂಠದ ಅಗಲ ಅದರ ಎಷ್ಟು ಪಾಲು, ಹೊಟ್ಟೆಯ ಅಗಲ ಎಷ್ಟು, ಬಾಯಿಯಿಂದ ಬುಡಕ್ಕೆ ಅಂಥ ಎಷ್ಟು ಅಗಲಗಳು ಹಿಡಿಸುವುವು ಎಂದು ಕೇಳುತ್ತ ಹೋದರೆ, ತಂಬಿಗೆಯೆಂಬ ಹೆಸರು ಮರೆತು ಅದರ ಆಕಾರ ಮಾತ್ರ ಉಳಿಯುವುದು. ಬರೆಯುವವನಿಗೆ ಬೇಕಾದ ಸ್ಥಿತಿ ಅದೇ.

ಮಲಗಿದ ಹಾಳೆ, ಮೋಸಹೋಗುವ ಗೆರೆ

ವಸ್ತುವನ್ನು ಸರಿಯಾಗಿ ಅಳೆದರೂ ಪುಸ್ತಕ ಹಿಡಿದ ರೀತಿಯಿಂದ ಚಿತ್ರ ಕೆಡಬಹುದು. ಪುಸ್ತಕವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬರೆಯುವವನ ನೋಟವು ಹಾಳೆಗೆ ಓರೆಯಾಗಿ ಬೀಳುವುದು. ನಲವತ್ತೈದು ಅಂಶದ ಓರೆಯಲ್ಲಿ ಹಾಳೆಯ ಮೇಲಿನ ಹತ್ತು ಸೆಂಟಿಮೀಟರು ಉದ್ದವು ಬಿಂಬದಲ್ಲಿ ಏಳು ಸೆಂಟಿಮೀಟರಿನಷ್ಟೇ ಎತ್ತರ. ಈ ಕುಗ್ಗುವಿಕೆಯನ್ನು ಮಿದುಳು ಒಂದಿಷ್ಟು ತಿದ್ದುತ್ತದೆ, ಪೂರ್ತಿ ತಿದ್ದಲಾರದು. ಉಳಿದುದನ್ನು ಕೈ ತುಂಬಿಕೊಡುತ್ತದೆ. ಪರಿಣಾಮವಾಗಿ ಪುಸ್ತಕವನ್ನು ಎತ್ತಿ ನೆಟ್ಟಗೆ ಹಿಡಿದಾಗ ಎಲ್ಲರೂ ನೀಳವಾಗಿರುವರು. ನೋಟವು ಹಾಳೆಗೆ ಲಂಬವಾಗಿ ಬೀಳುವಂತೆ ಪುಸ್ತಕವನ್ನು ಎತ್ತಿ ಹಿಡಿಯುವುದೊಂದೇ ಇದಕ್ಕೆ ಪರಿಹಾರ. ಚಿಕ್ಕ ಪುಸ್ತಕವನ್ನು ಎಡಗೈಯಲ್ಲಿ ಹಾಗೆ ಹಿಡಿಯುವುದು ಶ್ರಮವಲ್ಲ.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮ. ಅಮೆರಿಕದ ರೋಜರ್ ಶೆಪರ್ಡ್ 1990ರ ತನ್ನ ಪುಸ್ತಕದಲ್ಲಿ ಎರಡು ಮೇಜುಗಳ ಚಿತ್ರವನ್ನು ಕೊಟ್ಟಿದ್ದಾನೆ. ಒಂದು ಉದ್ದನೆಯ ಕಿರಿದಾದ ಮೇಜು, ಇನ್ನೊಂದು ಅಗಲವಾದ ಗಿಡ್ಡ ಮೇಜು ಎಂದು ಯಾರಾದರೂ ಹೇಳುವರು. ಆದರೆ ಒಂದರ ಮೇಲ್ಮೈಯ ಆಕಾರವನ್ನು ಕಾಗದದಲ್ಲಿ ಕತ್ತರಿಸಿ ತಿರುಗಿಸಿದರೆ ಅದು ಇನ್ನೊಂದರ ಮೇಲೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂಡುವುದು. ನಾಲ್ಕು ಗೆರೆಗಳಿಗೆ ಕಾಲುಗಳನ್ನು ಸೇರಿಸಿ ಮೇಜೆಂದು ಹೆಸರಿಟ್ಟ ಕ್ಷಣದಿಂದಲೇ ಮಿದುಳು ಆ ಗೆರೆಗಳಲ್ಲೂ ದೂರವನ್ನು ಕಳೆಯತೊಡಗುತ್ತದೆ. ಹಾಗೆಂದರೆ ನಮ್ಮ ಚಿತ್ರವು ವಸ್ತುವಿನಂತೆ ಕಾಣತೊಡಗಿದಷ್ಟೂ ಅದರ ಅಳತೆಗಳನ್ನು ನೋಡಿ ಹೇಳುವ ಶಕ್ತಿ ನಮಗೆ ಕಡಿಮೆಯಾಗುತ್ತದೆ. ಪುಸ್ತಕವನ್ನು ತಲೆಕೆಳಗು ಮಾಡಿಯೋ ಕನ್ನಡಿಯಲ್ಲಿ ಹಿಡಿದೋ ನೋಡಿದರೆ ಪರಿಚಯದ ಬಲ ತಗ್ಗಿ, ತಪ್ಪು ತಟ್ಟನೆ ಎದ್ದು ಕಾಣುವುದು.

ಮೊದಲು ಊಹೆ, ಆಮೇಲೆ ಅಳತೆ

ಎಲ್ಲವನ್ನೂ ಅಳೆದೇ ಬರೆಯಬೇಕೆಂದು ಇಷ್ಟರಿಂದ ತೀರ್ಮಾನಿಸಬಾರದು. ಹಾಗೆ ಮಾಡಿದವನ ಚಿತ್ರಗಳು ಸರಿಯಾಗಿರುವುವು, ಆದರೆ ಅವನ ಕಣ್ಣು ಏನನ್ನೂ ಕಲಿಯದು. ಪೆನ್ಸಿಲನ್ನು ಚಾಚದೆ ಒಂದು ಗೆರೆಯನ್ನೂ ಅವನು ಎಳೆಯಲಾರನು. ತಪ್ಪಿಗೆ ದಿಕ್ಕಿದೆಯೆಂದು ನಾವು ಆಗಲೇ ಕಂಡೆವು. ದಿಕ್ಕಿರುವ ತಪ್ಪನ್ನು ತಿದ್ದಿಕೊಳ್ಳಲು ಬೇಕಾದುದು, ಊಹೆ ಎಷ್ಟು ತಪ್ಪಿತೆಂಬ ಸಮಾಚಾರವು ಊಹೆಯ ಬೆನ್ನಿಗೇ ದೊರೆಯುವುದು. ಆದ್ದರಿಂದ ಮೊದಲು ಬರಿಗಣ್ಣಿನಿಂದ ನಿರ್ಧರಿಸಿ, ನೆತ್ತಿಗೂ ಪಾದಕ್ಕೂ ಎರಡು ಸಣ್ಣ ಗೀಟುಗಳನ್ನು ಹಾಕಿ, ನಡುಬಿಂದು ಶರೀರದಲ್ಲಿ ಎಲ್ಲಿ ಬೀಳುವುದೆಂದು ಊಹಿಸಿ ಮೂರನೆಯ ಗೀಟನ್ನು ಹಾಕಬೇಕು. ಆ ಮೇಲೆ ಕೈಚಾಚಿ ಅಳೆದು, ತಪ್ಪಿದ್ದರೆ ತಪ್ಪಿದ ಗೀಟಿನ ಪಕ್ಕದಲ್ಲಿಯೇ ಸರಿಯಾದುದನ್ನು ಹಾಕಬೇಕು. ಮೊದಲನೆಯದನ್ನು ಅಳಿಸಕೂಡದು. ಎರಡರ ನಡುವಿನ ಅಂತರವೇ ಆ ದಿನದ ಪಾಠ. ರಬ್ಬರು ಅದನ್ನು ಒರೆಸಿಹಾಕುವುದು. ಮೊದಲ ಗೀಟುಗಳಿಗೆ ಎಚ್ ಅಥವಾ ಎಚ್‌ಬಿ ಪೆನ್ಸಿಲು ಸಾಕು. ಮೆತ್ತನೆಯ 4ಬಿ ಮೊನೆಯ ದಪ್ಪಗೆರೆ ಈ ಅಳತೆಯಲ್ಲಿ ಒಂದು ಬೆರಳನ್ನೇ ನುಂಗಿಬಿಡುವುದು.

ಹೀಗೆ ಕೆಲವು ಪುಟಗಳಾದ ಮೇಲೆ ಹಿಂದಕ್ಕೆ ತಿರುವಿ ನೋಡಿದವರಿಗೆ ತಮ್ಮ ಕಣ್ಣಿನ ಒಲವು ಯಾವ ಕಡೆಗೆಂದು ತಿಳಿದುಹೋಗುವುದು: ಒಬ್ಬರು ಸದಾ ಕಾಲುಗಳನ್ನು ಗಿಡ್ಡ ಮಾಡುವರು, ಇನ್ನೊಬ್ಬರು ತಲೆಯನ್ನು ದೊಡ್ಡದು ಮಾಡುವರು. ತಿಳಿದ ಮೇಲೆ ಮುಂದಿನ ಊಹೆಯಲ್ಲಿಯೇ ಅದಕ್ಕೆ ಅಷ್ಟು ಕಳೆದೋ ಕೂಡಿಸಿಯೋ ಗೀಟು ಹಾಕಬಹುದು. ಮಕ್ಕಳಿಗೆ ಚಿತ್ರಕಲೆಯ ಪಾಠ ಹೇಳುವ ಉಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆ ಇದೆ. ದೊಡ್ಡ ಹಾಳೆಯೊಂದನ್ನು ಕೊಟ್ಟು ವಾರಕ್ಕೊಂದು ಚಿತ್ರವನ್ನು ಬಣ್ಣ ತುಂಬಿ ಮುಗಿಸಿಸುವ ಬದಲು, ಅಂಗೈಯಗಲದ ಗೆರೆಯಿಲ್ಲದ ಪುಸ್ತಕವನ್ನೂ ಒಂದು ಎಚ್‌ಬಿ ಪೆನ್ಸಿಲನ್ನೂ ಅವರ ಕೈಗಿತ್ತು, ತರಗತಿಯ ಕುರ್ಚಿಯನ್ನು, ಅಂಗಳದ ಮರವನ್ನು, ನಿಂತ ಗೆಳೆಯನನ್ನು ಊಹಿಸಿ ಬರೆದು ಅಳೆದು ನೋಡಲು ಬಿಡಿ. ಮತ್ತು ಆ ಪುಸ್ತಕಕ್ಕೆ ಅಂಕ ಕೊಡಬೇಡಿ.